ಪಿನ್ ಬಡಿಯುವಾಗ ಸಿಡಿದ ಚೂರು, ಹೆಲ್ಪರ್ ಹುಡುಗನ ಕಣ್ಣು

ಓದುಗರ ಪ್ರಶ್ನೆ: ಹೊಸಪೇಟೆಯ ಹೊರವಲಯದಲ್ಲಿ ಎಕ್ಸ್‌ಕವೇಟರ್, ಬ್ಯಾಕ್‌ಹೋ, ವೀಲ್ ಲೋಡರ್‌ಗಳನ್ನು ರಿಪೇರಿ ಮಾಡುವ ಚಿಕ್ಕ ಗ್ಯಾರೇಜು ನಮ್ಮದು, ಏಳು ಜನ ಕೆಲಸ ಮಾಡುತ್ತಾರೆ. ಎರಡು ತಿಂಗಳ ಹಿಂದೆ 20 ಟನ್ನಿನ ಎಕ್ಸ್‌ಕವೇಟರ್ ಒಂದರ ಬಕೆಟ್ ಪಿನ್ (ಬಕೆಟನ್ನು ತೋಳಿಗೆ ಜೋಡಿಸುವ ದಪ್ಪ ಉಕ್ಕಿನ ದಂಡ) ಹಿಡಿದುಕೊಂಡು ಹೊರಗೆ ಬರಲಿಲ್ಲ. ನಮ್ಮ ಮೇಸ್ತ್ರಿಯವರು ಸಮ್ಮಟಿಗೆಯಿಂದ ಬಡಿಯುತ್ತಿದ್ದರು. ಹತ್ತೊಂಬತ್ತು ವರ್ಷದ ಹೆಲ್ಪರ್ ಹುಡುಗ ಹಳೆಯ ಪಿನ್ನಿನ ತುಂಡೊಂದನ್ನು ಎದುರಿಗಿಟ್ಟು ಹಿಡಿದುಕೊಂಡಿದ್ದ. ಕಣ್ಣಿಗೆ ಏನೋ ತಗುಲಿತೆಂದು ಉಜ್ಜಿಕೊಂಡು, ನೀರಿನಿಂದ ತೊಳೆದುಕೊಂಡು ಮತ್ತೆ ಕೆಲಸಕ್ಕೆ ನಿಂತ. ನೋವು ಹೆಚ್ಚಿರಲಿಲ್ಲ. ಮೂರನೆಯ ದಿನ ಕಣ್ಣು ಕೆಂಪಾಗಿ ಮಂಜಾದಾಗ ಆಸ್ಪತ್ರೆಗೆ ಕರೆದೊಯ್ದೆವು. ಕಣ್ಣಿನೊಳಗೆ ಕಬ್ಬಿಣದ ಚೂರಿತ್ತು. ಶಸ್ತ್ರಚಿಕಿತ್ಸೆಯಾಗಿದೆ, ಆದರೆ ಆ ಕಣ್ಣಿನಲ್ಲಿ ಎದುರಿಗೆ ಹಿಡಿದ ಬೆರಳುಗಳನ್ನು ಎಣಿಸುವಷ್ಟು ದೃಷ್ಟಿ ಮಾತ್ರ ಉಳಿದಿದೆ. ಮೂವತ್ತು ವರ್ಷದಿಂದ ಹೀಗೆಯೇ ಬಡಿದಿದ್ದೇನೆ, ಎಂದೂ ಹೀಗಾಗಿಲ್ಲ, ಇದು ಆ ಹುಡುಗನ ಗ್ರಹಚಾರ, ಇಲ್ಲವೇ ಹೊಸ ಸಮ್ಮಟಿಗೆಯ ಕಬ್ಬಿಣವೇ ಕಳಪೆ ಎಂದು ಮೇಸ್ತ್ರಿಯವರು ಹೇಳುತ್ತಾರೆ. ನಾನು ಎಲ್ಲರಿಗೂ ಕನ್ನಡಕ ತಂದುಕೊಟ್ಟೆ. ಮಂಜು ಕಟ್ಟುತ್ತದೆಂದು ವಾರದೊಳಗೆ ತೆಗೆದಿಟ್ಟರು. ಲಕ್ಷಗಟ್ಟಲೆ ಬೆಲೆಯ ಪ್ರೆಸ್ ಕೊಳ್ಳುವ ಶಕ್ತಿ ನನಗಿಲ್ಲ. ಇದು ಮತ್ತೆ ನಡೆಯದಂತೆ ಏನು ಮಾಡಬಹುದು? ಆ ಹುಡುಗ ಮತ್ತೆ ಇದೇ ಕೆಲಸಕ್ಕೆ ಬರಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಅಡಿಯಲ್ಲಿರುವ ಕಳವಳ ಒಂದೇ ಎಂದು ನನಗೆ ಅನ್ನಿಸುತ್ತದೆ: ಅಂದು ನಡೆದದ್ದು ತಪ್ಪಿಸಬಹುದಾಗಿದ್ದ ಸಂಗತಿಯೋ, ಅಥವಾ ಈ ಕಸುಬಿನಲ್ಲಿ ಯಾರಿಗಾದರೂ ಒಂದು ದಿನ ಆಗಿಯೇ ತೀರುವಂಥದ್ದೋ? ತಪ್ಪಿಸಬಹುದಾಗಿತ್ತು. ಹೀಗೆ ಹೇಳುವಾಗ ನಿಮ್ಮನ್ನಾಗಲಿ ಮೇಸ್ತ್ರಿಯವರನ್ನಾಗಲಿ ಕಟಕಟೆಯಲ್ಲಿ ನಿಲ್ಲಿಸುವ ಉದ್ದೇಶ ನನಗಿಲ್ಲ. ಕಬ್ಬಿಣದ ಅದಿರಿನ ಗಣಿಗಳ ವರ್ಕ್‌ಶಾಪುಗಳಲ್ಲಿ ಇಪ್ಪತ್ತೇಳು ವರ್ಷ ಭಾರಿ ಯಂತ್ರಗಳ ನಿರ್ವಹಣೆ ನೋಡಿಕೊಂಡ ನಾನೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ರೀತಿ ಹಳೆಯ ಪಿನ್ನು ಹಿಡಿದು ನಿಂತವನು. ಒಮ್ಮೆ ನನ್ನ ಪಕ್ಕದಲ್ಲಿ ನಿಂತಿದ್ದವರ ತೊಡೆಗೆ ಚೂರೊಂದು ದಪ್ಪ ಖಾಕಿ ಪ್ಯಾಂಟನ್ನು ತೂರಿಕೊಂಡು ಹೋಯಿತು. ಹೊರಗೆ ಕಂಡದ್ದು ಮುಳ್ಳು ಚುಚ್ಚಿದಷ್ಟು ಗಾಯ. ಎಕ್ಸ್‌ರೇ ತೆಗೆದಾಗ ಅಕ್ಕಿಕಾಳಿನಷ್ಟು ಉಕ್ಕು ಮಾಂಸದ ಆಳದಲ್ಲಿತ್ತು. ಬಟ್ಟೆ, ಚರ್ಮ, ಮಾಂಸ ಮೂರನ್ನೂ ದಾಟಬಲ್ಲ ವಸ್ತುವಿಗೆ ಕಣ್ಣಿನ ಪಾರದರ್ಶಕ ಪೊರೆ ಯಾವ ಲೆಕ್ಕವೂ ಅಲ್ಲ.

ಉಳಿದೆಲ್ಲಕ್ಕಿಂತ ಮೊದಲು ಹುಡುಗನ ಕಣ್ಣಿನ ವಿಷಯ, ಏಕೆಂದರೆ ಅದಕ್ಕೆ ಇನ್ನೂ ಕಾಲದ ಅವಸರವಿದೆ. ಒಂದು ಕಣ್ಣಿಗೆ ತೂರಿಹೋದ ಗಾಯವಾದಾಗ, ಅಪರೂಪವಾಗಿಯಾದರೂ, ಗಾಯವೇ ಆಗದ ಇನ್ನೊಂದು ಕಣ್ಣಿನೊಳಗೆ ಉರಿಯೂತ ಹುಟ್ಟಿಕೊಳ್ಳುವುದುಂಟು. ಅಂಥ ಪ್ರಕರಣಗಳಲ್ಲಿ ಹೆಚ್ಚಿನವು ಮೊದಲ ಒಂದು ವರ್ಷದೊಳಗೆ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಒಳ್ಳೆಯ ಕಣ್ಣಿನಲ್ಲಿ ಬೆಳಕು ಚುಚ್ಚಿದಂತಾಗುವುದು, ಕೆಂಪು, ಮಸುಕು, ಹತ್ತಿರದ ಅಕ್ಷರ ಓದಲು ಹೊಸದಾಗಿ ತ್ರಾಸ, ಇವುಗಳಲ್ಲಿ ಯಾವುದೊಂದು ಕಂಡರೂ ಅಂದೇ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕೆಂದು ಅವನಿಗೂ ಅವನ ಮನೆಯವರಿಗೂ ಬಿಡಿಸಿ ಹೇಳಿ. ಸಕಾಲದಲ್ಲಿ ಸಿಕ್ಕರೆ ಇದಕ್ಕೆ ಔಷಧವಿದೆ. ನಿಗದಿತ ತಪಾಸಣೆಗಳನ್ನು ಒಂದನ್ನೂ ತಪ್ಪಿಸಬೇಡಿ. ಬಸ್ಸಿನ ಖರ್ಚು, ದಿನದ ಕೂಲಿ ಎರಡನ್ನೂ ನೀವೇ ಕೊಡಿ. ಕೆಲಸದ ವೇಳೆ ಆದ ಗಾಯಕ್ಕೆ ಪರಿಹಾರ ಕೊಡುವುದು ಮಾಲೀಕರ ಕಾನೂನುಬದ್ಧ ಹೊಣೆಯೇ ಹೊರತು ದಾನವಲ್ಲ. ಅದರ ಲೆಕ್ಕವನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಇನ್ನು ಚೂರು ಹುಟ್ಟಿದ್ದು ಹೇಗೆ ಎಂಬುದನ್ನು ನೋಡೋಣ. ಕಲ್ಲುಸಕ್ಕರೆಯ ಗಟ್ಟಿಯನ್ನು ಕುಟ್ಟಿದರೆ ಅದು ನಾಲ್ಕು ದಿಕ್ಕಿಗೂ ಸಿಡಿಯುತ್ತದೆ. ಹಸಿ ಬೆಲ್ಲವನ್ನು ಕುಟ್ಟಿದರೆ ತಗ್ಗು ಬೀಳುತ್ತದೆ. ಉಕ್ಕಿನ ಸ್ವಭಾವವೂ ಹಾಗೆಯೇ. ಗಡಸುತನ ಹೆಚ್ಚಿದಷ್ಟೂ ಅದು ಪೆಡಸಾಗುತ್ತದೆ. ಬಕೆಟ್ ಪಿನ್ನು ಮಣ್ಣು, ಮರಳು, ಅದಿರಿನ ಪುಡಿಯ ನಡುವೆ ಸವೆಯಬಾರದೆಂದು ಅದರ ಹೊರಮೈಯನ್ನು ಕೆಲವು ಮಿಲಿಮೀಟರ್ ಆಳದವರೆಗೆ ಕಾಯಿಸಿ ತಟ್ಟನೆ ತಣಿಸಿ ಬಹಳ ಗಡಸು ಮಾಡಿರುತ್ತಾರೆ. ಸಮ್ಮಟಿಗೆಯ ಮುಖವೂ ಗಡಸೇ. ಎರಡು ಗಡಸು ಮೈಗಳು ವೇಗದಿಂದ ಎದುರಾದಾಗ ಯಾವುದೂ ತಗ್ಗಿ ಏಟನ್ನು ನುಂಗಿಕೊಳ್ಳುವುದಿಲ್ಲ. ಏಟು ಸ್ವಲ್ಪ ವಾರೆಯಾಗಿ ಅಂಚಿಗೆ ಬಿದ್ದರಂತೂ ಅಂಚಿನಿಂದ ತೆಳುವಾದ ಹಳುಕೊಂದು ಬೇರ್ಪಟ್ಟು ಹಾರುತ್ತದೆ. ನಿಮ್ಮ ಗ್ಯಾರೇಜಿನಲ್ಲಿ ಬಡಿದದ್ದು ಗಡಸು, ಬಡಿಸಿಕೊಂಡದ್ದು ಗಡಸು, ಅದರ ಹಿಂದಿದ್ದ ಪಿನ್ನೂ ಗಡಸು. ಡ್ರಿಫ್ಟ್ ಆಗಿ, ಅಂದರೆ ಏಟನ್ನು ಪಿನ್ನಿಗೆ ದಾಟಿಸಲು ನಡುವೆ ಹಿಡಿಯುವ ತುಂಡಾಗಿ, ಹಳೆಯ ಪಿನ್ನಿನ ತುಂಡನ್ನು ಬಳಸುವುದು ನಮ್ಮ ಕಡೆಯ ಎಲ್ಲ ಗ್ಯಾರೇಜುಗಳ ರೂಢಿ, ಏಕೆಂದರೆ ಅದು ಬಗ್ಗುವುದಿಲ್ಲ, ಸುಲಭವಾಗಿ ಕೈಗೆ ಸಿಗುತ್ತದೆ. ಬಗ್ಗದಿರುವ ಆ ಗುಣವೇ ಅದರ ಅಪಾಯ.

ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಉಳಿಯ ತಲೆಯನ್ನೋ ಡ್ರಿಫ್ಟಿನ ತುದಿಯನ್ನೋ ತಿಂಗಳುಗಟ್ಟಲೆ ಬಡಿದಾಗ ಅದು ಅಣಬೆಯಂತೆ ಅರಳಿ ಸುತ್ತಲೂ ಅಂಚು ಮಡಚಿಕೊಳ್ಳುತ್ತದೆ. ಬಡಿತದಿಂದಲೇ ಇನ್ನಷ್ಟು ಗಡಸಾದ ಆ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಮುಂದಿನ ಯಾವುದೋ ಒಂದು ಏಟಿಗೆ ಅದು ಹಾರುತ್ತದೆ. ಯಾವ ಏಟಿಗೆ ಎಂದು ಯಾರೂ ಹೇಳಲಾರರು. ಮೇಸ್ತ್ರಿಯವರ ಮೂವತ್ತು ವರ್ಷದ ಅನುಭವಕ್ಕೆ ನನ್ನ ಉತ್ತರ ಇಲ್ಲಿದೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಮೂವತ್ತು ವರ್ಷದಲ್ಲಿ ಹಾರಿದ ಹಳುಕುಗಳು ಗೋಡೆಗೆ, ನೆಲಕ್ಕೆ, ತಗಡಿಗೆ ಬಿದ್ದಿವೆ. ಅವರ ಸಮ್ಮಟಿಗೆಯ ಅಂಚನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿದರೆ ಎಷ್ಟು ಕಡೆ ಚಕ್ಕೆ ಎದ್ದುಹೋಗಿದೆ ಎಂಬುದು ತಿಳಿಯುತ್ತದೆ. ಪ್ರತಿ ಚಕ್ಕೆಯೂ ಒಂದು ಸಲ ಯಾವುದೋ ದಿಕ್ಕಿಗೆ ಹಾರಿತ್ತು. ಇನ್ನೂ ಒಂದು ಮಾತಿದೆ. ಬಡಿಯುವವನು ತೋಳಿನ ಉದ್ದಕ್ಕೆ ಸಮ್ಮಟಿಗೆಯ ಹಿಡಿಯ ಉದ್ದ ಸೇರಿದಷ್ಟು ದೂರದಲ್ಲಿರುತ್ತಾನೆ. ಡ್ರಿಫ್ಟ್ ಹಿಡಿದವನು ಏಟು ಸರಿಯಾಗಿ ಬೀಳಲೆಂದು ಬಾಗಿ, ಅದರ ತುದಿಯನ್ನೇ ದಿಟ್ಟಿಸುತ್ತಿರುತ್ತಾನೆ. ಆದ್ದರಿಂದ ಮೂವತ್ತು ವರ್ಷ ಬಡಿದವರಿಗೆ ಏನೂ ಆಗದೆ, ಮೂರು ತಿಂಗಳು ಹಿಡಿದವನಿಗೆ ಆಗುವುದರಲ್ಲಿ ಗ್ರಹಚಾರ ಏನೂ ಇಲ್ಲ.

ಹೊಸ ಸಮ್ಮಟಿಗೆಯ ಕಬ್ಬಿಣ ಕಳಪೆಯಾಗಿರಬಹುದು, ಅಂಥವು ಪೇಟೆಯಲ್ಲಿವೆ. ಆದರೆ ಇನ್ನೂ ಗಡಸಾದ, ದುಬಾರಿ ಸಮ್ಮಟಿಗೆ ತಂದರೆ ಅಪಾಯ ಕಡಿಮೆಯಾಗುತ್ತದೆಂದು ತಿಳಿಯುವುದು ತಪ್ಪು. ಹಾಗೆಯೇ, ಚೂರು ಬರುತ್ತಿದ್ದಂತೆ ರೆಪ್ಪೆ ತಾನೇ ಮುಚ್ಚಿಕೊಳ್ಳುತ್ತದೆ ಎಂಬ ನಂಬಿಕೆಯೂ ಇದೆ. ಗ್ರೈಂಡರ್ ಡಿಸ್ಕಿನ ಅಂಚಿನಿಂದ ಹೊರಟ ಕಣ ಸೆಕೆಂಡಿಗೆ 80 ಮೀಟರ್ ವೇಗದಲ್ಲಿ ಹೊರಡಬಲ್ಲದು. ಒಂದು ಮೀಟರ್ ದೂರದ ಮುಖವನ್ನು ತಲುಪಲು ಅದಕ್ಕೆ ಸೆಕೆಂಡಿನ ಎಂಬತ್ತನೆಯ ಒಂದು ಭಾಗ ಸಾಕು. ರೆಪ್ಪೆ ಮುಚ್ಚಲು ಸೆಕೆಂಡಿನ ಸುಮಾರು ಹತ್ತನೆಯ ಒಂದು ಭಾಗವಾದರೂ ಬೇಕು. ರೆಪ್ಪೆ ಮುಚ್ಚುವುದು ಚೂರು ಒಳಹೊಕ್ಕ ಮೇಲೆ.

ಹಾಗಾದರೆ ಮಾಡಬೇಕಾದದ್ದೇನು? ಕನ್ನಡಕದಿಂದ ಆರಂಭಿಸಬೇಡಿ, ಏಟಿನಿಂದ ಆರಂಭಿಸಿ. ಏಟೇ ಬೇಕಿಲ್ಲದಂತೆ ಮಾಡಲಾಗುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಪಿನ್ ಏಕೆ ಬರಲಿಲ್ಲ ಎಂದು ಯಾರಾದರೂ ಕೇಳಿದಿರಾ? ನನ್ನ ಅನುಭವದಲ್ಲಿ ಸಮ್ಮಟಿಗೆಗೂ ಬಗ್ಗದ ಪಿನ್ನುಗಳಲ್ಲಿ ಹೆಚ್ಚಿನವು ಹಿಡಿದುಕೊಂಡಿರುವುದು ತುಕ್ಕಿನಿಂದಲ್ಲ, ಭಾರದಿಂದ. ಬಕೆಟ್ ಅರ್ಧ ತೂಗಾಡುತ್ತಿರುತ್ತದೆ, ಅದರ ತೂಕವೆಲ್ಲ ಆ ಪಿನ್ನಿನ ಮೇಲೆ ಕೂತಿರುತ್ತದೆ, ನಾವು ಆ ತೂಕದ ವಿರುದ್ಧ ಬಡಿಯುತ್ತಿರುತ್ತೇವೆ. ಬಕೆಟನ್ನು ಸಮತಟ್ಟಾದ ನೆಲದ ಮೇಲೆ ಸರಿಯಾಗಿ ಕೂರಿಸಿ, ಮರದ ದಿಮ್ಮಿ ಕೊಟ್ಟು, ತೋಳಿನ ರಂಧ್ರವೂ ಬಕೆಟ್ಟಿನ ರಂಧ್ರವೂ ಒಂದೇ ಗೆರೆಗೆ ಬರುವಂತೆ ಹೊಂದಿಸಿ, ಎಂಜಿನ್ ನಿಲ್ಲಿಸಿ, ಲಿವರುಗಳನ್ನು ಆಡಿಸಿ ಹೈಡ್ರಾಲಿಕ್ ಒತ್ತಡ ಇಳಿಸಿದ ಮೇಲೆ ಪಿನ್ನನ್ನು ಕೈಯಿಂದಲೋ ಪೈಪ್ ಪಾನದಿಂದಲೋ ತಿರುಗಿಸಿ ನೋಡಬೇಕು. ತಿರುಗುವ ಪಿನ್ನು ಹೊರಗೆ ಬರುತ್ತದೆ. ತಿರುಗದಿದ್ದರೆ ಹೊಂದಾಣಿಕೆ ಇನ್ನೂ ಆಗಿಲ್ಲ ಎಂದೇ ಮೊದಲು ಭಾವಿಸಬೇಕು. ಹೊಂದಿಸುವಾಗ ಕ್ಯಾಬಿನ್ನಿನಲ್ಲಿರುವವನಿಗೆ ಸನ್ನೆ ಮಾಡುವವನು ಒಬ್ಬನೇ ಇರಲಿ. ರಂಧ್ರ ಕೂಡಿದೆಯೇ ಎಂದು ನೋಡಲು ಯಾರೂ ಬೆರಳು ಹಾಕಬಾರದು, ಆ ರೀತಿ ಬೆರಳು ಕಳೆದುಕೊಂಡವರನ್ನೂ ನಾನು ನೋಡಿದ್ದೇನೆ.

ನಿಜವಾಗಿಯೇ ಹಿಡಿದುಕೊಂಡ ಪಿನ್ನುಗಳ ಹಿಂದೆ ಗ್ರೀಸಿನ ಕಥೆ ಇರುತ್ತದೆ. ಸಂಡೂರು, ಹೊಸಪೇಟೆಯ ಕೆಂಪು ಅದಿರಿನ ಧೂಳು ಪಿನ್ನು ಕೂರುವ ಕೊಳವೆಯಾದ ಬುಷ್ಷು ಒಣಗಿದ್ದರೆ ಅದರೊಳಗೆ ಅರೆಯುವ ಪುಡಿಯಂತೆ ಕೆಲಸ ಮಾಡಿ ಪಿನ್ನಿನ ಮೈಯಲ್ಲಿ ಗೀರು ಎಬ್ಬಿಸುತ್ತದೆ. ಯಂತ್ರದ ಮಾಲೀಕರಿಗೆ ಕೈಪಿಡಿಯ ಪ್ರಕಾರ, ಧೂಳು ಮತ್ತು ನೀರಿನ ಕೆಲಸವಿದ್ದರೆ ದಿನವೂ, ಗ್ರೀಸ್ ಹಾಕಿಸಲು ಹೇಳಿ. ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಪುಟ್ಟ ಮೂತಿ) ಮುರಿದದ್ದನ್ನು ಬದಲಾಯಿಸದೆ ಯಂತ್ರವನ್ನು ಗ್ಯಾರೇಜಿನಿಂದ ಹೊರಗೆ ಬಿಡಬೇಡಿ. ಇಂದು ನಿಮ್ಮ ಮೇಸ್ತ್ರಿ ಹಾಕಿದ ನಿಪ್ಪಲ್ ಮುಂದಿನ ವರ್ಷದ ನೂರು ಏಟುಗಳನ್ನು ಉಳಿಸುತ್ತದೆ.

ಪ್ರೆಸ್ ಕೊಳ್ಳಲು ಲಕ್ಷಗಳಿಲ್ಲ ಎಂದಿರಿ. ದೊಡ್ಡ ಪ್ರೆಸ್ ನಿಮಗೆ ಬೇಕಾಗಿಲ್ಲ. ನಡುವೆ ರಂಧ್ರವಿರುವ 30 ಟನ್ನಿನ ಹೈಡ್ರಾಲಿಕ್ ಜ್ಯಾಕ್, ಕೈಪಂಪು, ಅದಕ್ಕೆ ತಕ್ಕ ಬಲವಾದ ಎಳೆಯುವ ರಾಡು, ಲೇತಿನಲ್ಲಿ ಮಾಡಿಸಿದ ಒಂದೆರಡು ದಪ್ಪ ಪೈಪಿನ ಆಸರೆಗಳು, ಇಷ್ಟಿದ್ದರೆ 20 ಟನ್ನಿನ ಯಂತ್ರದ ಸುಮಾರು 80 ಮಿಲಿಮೀಟರ್ ವ್ಯಾಸದ ಪಿನ್ನುಗಳಲ್ಲಿ ಬಹುಪಾಲನ್ನು ಏಟಿಲ್ಲದೆ ಎಳೆದು ತೆಗೆಯಬಹುದು. ಒಬ್ಬರಿಗೆ ಭಾರವಾದರೆ ಅಕ್ಕಪಕ್ಕದ ಮೂರು ಗ್ಯಾರೇಜಿನವರು ಸೇರಿ ಕೊಳ್ಳಿ. ಇದಕ್ಕೂ ತನ್ನದೇ ಅಪಾಯವಿದೆ. ಒತ್ತಡ ಏರುತ್ತಾ ಹೋಗಿ ಪಿನ್ನು ಒಮ್ಮೆಲೇ ಢಂ ಎಂದು ಬಿಟ್ಟುಕೊಳ್ಳುತ್ತದೆ; ರಾಡು ತುಂಡಾದರೆ ಅದು ಬಾಣದಂತೆ ನೇರಕ್ಕೆ ಹೋಗುತ್ತದೆ. ಆದ್ದರಿಂದ ಎಳೆತದ ನೇರದಲ್ಲಿ, ಎರಡೂ ತುದಿಗಳಲ್ಲಿ, ಯಾರೂ ನಿಲ್ಲಬಾರದು. ಪಂಪು ಒತ್ತುವವನು ಪಕ್ಕದಲ್ಲಿರಬೇಕು, ಜ್ಯಾಕನ್ನು ಸರಪಳಿಯಿಂದ ಕಟ್ಟಿರಬೇಕು. ಗ್ಯಾಸ್ ಕಟ್ಟರಿನಿಂದ ಕಾಯಿಸುವುದು ಇನ್ನೊಂದು ದಾರಿ, ಆದರೆ ನಾನು ಅದನ್ನು ಕೊನೆಗೆ ಇಡುತ್ತೇನೆ: ಒಳಗೆ ಮುಚ್ಚಿಕೊಂಡಿರುವ ಗ್ರೀಸ್ ಕುದಿದು ಒತ್ತಡದಿಂದ ಚಿಮ್ಮಬಹುದು, ಹತ್ತಿರದ ಹೈಡ್ರಾಲಿಕ್ ಹೋಸ್ ಸುಟ್ಟರೆ ಎಣ್ಣೆಯ ಬೆಂಕಿ ಹತ್ತುತ್ತದೆ.

ಬಡಿಯಲೇಬೇಕಾದ ಸಂದರ್ಭ ಬಂದೇ ಬರುತ್ತದೆ ಎಂಬುದು ನನಗೆ ಗೊತ್ತು. ಆಗ ಬಡಿಸಿಕೊಳ್ಳುವ ವಸ್ತು ಮೆದುವಾಗಿರಬೇಕು. ಹಳೆಯ ಪಿನ್ನುಗಳನ್ನೆಲ್ಲ ಇಂದೇ ಗುಜರಿಗೆ ಹಾಕಿ, ಪಿನ್ನಿಗಿಂತ ಕಿರಿದಾದ 40 ಅಥವಾ 50 ಮಿಲಿಮೀಟರಿನ ಸಾಧಾರಣ ಎಂ.ಎಸ್. (ಮೆದು ಉಕ್ಕು) ರಾಡಿನ ಡ್ರಿಫ್ಟುಗಳನ್ನು ಕತ್ತರಿಸಿಟ್ಟುಕೊಳ್ಳಿ. ಸಾಧ್ಯವಾದರೆ ಹಿತ್ತಾಳೆಯ ಒಂದನ್ನು ಇಡಿ. ಹಿತ್ತಾಳೆ, ತಾಮ್ರ ಬಳಸಿದರೆ ಚೂರೇ ಬರುವುದಿಲ್ಲ ಎಂದು ಕೆಲವರು ಹೇಳುತ್ತಾರೆ, ಅದು ಪೂರ್ತಿ ನಿಜವಲ್ಲ. ಅವೂ ಅರಳುತ್ತವೆ, ಅರಳಿದ ಅಂಚು ಅವುಗಳಿಂದಲೂ ಹಾರಬಹುದು. ಕಣ್ಣಿನೊಳಗೆ ಹೋದ ತಾಮ್ರದ ಚೂರು ತೀವ್ರವಾದ ಉರಿಯೂತ ತರುತ್ತದೆ, ಆಯಸ್ಕಾಂತಕ್ಕೂ ಸಿಗುವುದಿಲ್ಲ. ಆದ್ದರಿಂದ ಮೆದು ಡ್ರಿಫ್ಟಿನ ತಲೆ ಅರಳುತ್ತಿದ್ದಂತೆ ಅದನ್ನು ಗ್ರೈಂಡ್ ಮಾಡಿ ಅಂಚನ್ನು ಓರೆಯಾಗಿಸಬೇಕು. ಸಮ್ಮಟಿಗೆಯ ಮುಖ ಡ್ರಿಫ್ಟಿನ ತಲೆಗಿಂತ ಸುಮಾರು 10 ಮಿಲಿಮೀಟರಾದರೂ ಅಗಲವಿದ್ದರೆ ಏಟು ಅಂಚಿಗೆ ಬೀಳುವ ಸಂಭವ ಕಡಿಮೆ. ಚಕ್ಕೆ ಎದ್ದ ಸಮ್ಮಟಿಗೆಯನ್ನು ಮಾತ್ರ ತಿದ್ದಲು ಹೋಗದೆ ತೆಗೆದುಹಾಕಿ. ಒಂದು ಸುತ್ತಿಗೆಯನ್ನು ಎದುರಿಗಿಟ್ಟು ಇನ್ನೊಂದರಿಂದ ಬಡಿಯುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು.

ಡ್ರಿಫ್ಟನ್ನು ಕೈಯಲ್ಲಿ ಹಿಡಿಯುವ ಪದ್ಧತಿ ನಿಮ್ಮ ಗ್ಯಾರೇಜಿನಲ್ಲಿ ಇನ್ನು ಇರಕೂಡದು. ಒಂದು ಮೀಟರ್ ಉದ್ದದ ಸಣ್ಣ ರಾಡನ್ನು ಅಡ್ಡಲಾಗಿ ಬೆಸುಗೆ ಹಾಕಿ ಹಿಡಿ ಮಾಡಿಕೊಡಿ, ಅಥವಾ ಉದ್ದ ಇಕ್ಕಳ ಕೊಡಿ. ಹಿಡಿದವನು ಏಟಿನ ಗೆರೆಗೆ ಅಡ್ಡಲಾಗಿ, ಮುಖವನ್ನು ಹಿಂದಿಟ್ಟು ನಿಲ್ಲಲಿ. ಇದಕ್ಕಿಂತಲೂ ಒಳ್ಳೆಯದೆಂದರೆ, ದಪ್ಪ ಎಂ.ಎಸ್. ದಂಡವೊಂದನ್ನು ಚೈನ್ ಪುಲ್ಲಿಯಿಂದ ಹಗ್ಗದಲ್ಲಿ ಅಡ್ಡಲಾಗಿ ತೂಗುಹಾಕಿ, ಹಿಂದಕ್ಕೆಳೆದು ಪಿನ್ನಿಗೆ ಗುದ್ದಿಸುವುದು. ಆಗ ಹಿಡಿಯುವವನೇ ಬೇಕಾಗಿಲ್ಲ, ಏಟು ವಾರೆಯಾಗುವುದೂ ಇಲ್ಲ. ಸುತ್ತಲೂ ತೆರೆ ಕಟ್ಟಲು ಗಣಿಗಳಿಂದ ಗುಜರಿಗೆ ಬರುವ ಹಳೆಯ ಕನ್ವೇಯರ್ ಬೆಲ್ಟಿಗಿಂತ ಒಳ್ಳೆಯ ವಸ್ತುವಿಲ್ಲ, ನಿಮ್ಮ ಊರಿನಲ್ಲಿ ಅದು ಹೇರಳವಾಗಿ ಸಿಗುತ್ತದೆ. ಎರಡು ಚೌಕಟ್ಟು ಮಾಡಿಸಿ ಬೆಲ್ಟ್ ತೂಗುಹಾಕಿ, ಬಡಿಯುವ ಜಾಗದ ಎರಡೂ ಬದಿಗೆ ತಳ್ಳಿಡಿ. ಚಹಾ ತಂದ ಹುಡುಗ, ಬಿಲ್ಲು ಕೇಳಲು ಬಂದ ಚಾಲಕ, ಕುತೂಹಲಕ್ಕೆ ನಿಂತವರು, ಇವರ ಕಣ್ಣುಗಳಿಗೂ ನೀವೇ ಹೊಣೆ. ಬಕೆಟ್ ಹಲ್ಲು ಬದಲಾಯಿಸುವಾಗ ಹೊಡೆಯುವ ಸಣ್ಣ ಲಾಕ್ ಪಿನ್ನುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಬೇರಿಂಗಿನ ಹೊರಬಳೆಗೆ ಇನ್ನೂ ಹೆಚ್ಚಾಗಿ, ಏಕೆಂದರೆ ಬೇರಿಂಗ್ ಉಕ್ಕು ಒಳಗೂ ಹೊರಗೂ ಗಡಸು, ಸುತ್ತಿಗೆ ಬಿದ್ದರೆ ಗಾಜಿನಂತೆ ಒಡೆಯುತ್ತದೆ. ಅದರ ಒಳಮೈ ಸುತ್ತ ಒಂದು ಗೆರೆ ವೆಲ್ಡಿಂಗ್ ಎಳೆದು ತಣಿಯಲು ಬಿಟ್ಟರೆ ಬಳೆ ಕುಗ್ಗಿ ತಾನಾಗಿ ಸಡಿಲವಾಗುತ್ತದೆ. ನಿಮ್ಮ ಮೇಸ್ತ್ರಿಗೆ ಈ ಉಪಾಯ ಖಂಡಿತ ಗೊತ್ತಿರುತ್ತದೆ.

ನೀವು ಕೇಳದ ಒಂದೆರಡು ಸಂಗತಿಗಳನ್ನು ಹೇಳದೆ ಬಿಡಲಾರೆ, ಏಕೆಂದರೆ ಹಳುಕು ಕಣ್ಣನ್ನು ತೆಗೆಯುತ್ತದೆ, ಇವು ಜೀವವನ್ನೇ ತೆಗೆಯುತ್ತವೆ. ಎಕ್ಸ್‌ಕವೇಟರ್ ಚೈನು (ಯಂತ್ರ ಉರುಳುವ ಉಕ್ಕಿನ ಪಟ್ಟಿ) ಸಡಿಲಿಸುವಾಗ ತೆರೆಯುವ ಗ್ರೀಸ್ ವಾಲ್ವಿನ ಹಿಂದೆ ಭಾರಿ ಒತ್ತಡದ ಗ್ರೀಸೂ, ಅದರ ಹಿಂದೆ ಟನ್ನುಗಟ್ಟಲೆ ಬಲದಿಂದ ಅದುಮಿಟ್ಟ ಸ್ಪ್ರಿಂಗೂ ಇರುತ್ತವೆ. ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಬಾರದೆಂದು ಕೈಪಿಡಿಗಳು ಎಚ್ಚರಿಸುತ್ತವೆ. ಗ್ರೀಸ್ ಬರಲಿಲ್ಲವೆಂದು ಇನ್ನಷ್ಟು ಬಿಚ್ಚಿ, ಮುಖ ಬಗ್ಗಿಸಿ ಇಣುಕಿದರೆ ವಾಲ್ವು ಗುಂಡಿನಂತೆ ಹೊರಬರುತ್ತದೆ. ಗ್ರೀಸ್ ಬರದಿದ್ದರೆ ವಾಲ್ವನ್ನು ಬಿಗಿದು, ಯಂತ್ರವನ್ನು ಸ್ವಲ್ಪ ಹಿಂದೆ ಮುಂದೆ ಆಡಿಸಿ ಮತ್ತೆ ಪ್ರಯತ್ನಿಸಬೇಕು. ಮುಖ, ಕೈ, ಕಾಲು ಯಾವುದೂ ವಾಲ್ವಿನ ನೇರಕ್ಕೆ ಇರಬಾರದು. ಸ್ಪ್ರಿಂಗಿನ ಜೋಡಣೆಯನ್ನು ಗ್ಯಾರೇಜಿನಲ್ಲಿ ಬಿಚ್ಚಲೇಬೇಡಿ.

ಎರಡನೆಯದು ಲೋಡರ್ ಮತ್ತು ಟಿಪ್ಪರ್ ಚಕ್ರಗಳ ಲಾಕ್ ರಿಂಗು, ಅಂದರೆ ಟೈರನ್ನು ರಿಮ್ಮಿನ ಮೇಲೆ ಹಿಡಿದಿಡುವ ಉಕ್ಕಿನ ಬಳೆ. ಗಾಳಿ ತುಂಬಿದ ಟೈರು ಆ ಬಳೆಯನ್ನು ಸದಾ ಹೊರಗೆ ನೂಕುತ್ತಿರುತ್ತದೆ. ತುಕ್ಕು ಹಿಡಿದ, ಸರಿಯಾಗಿ ಕೂರದ ರಿಂಗು ಗಾಳಿ ತುಂಬುವಾಗ ಹಾರಿದರೆ ಎದುರಿಗಿದ್ದವರು ಉಳಿಯುವುದು ಕಷ್ಟ. ಬಿಚ್ಚುವ ಮೊದಲು ವಾಲ್ವಿನ ಒಳತಿರುಳನ್ನೇ ತೆಗೆದು ಗಾಳಿ ಪೂರ್ತಿ ಹೋಗಿದೆಯೆಂದು ಖಚಿತಪಡಿಸಿಕೊಳ್ಳಿ. ಜೋಡಿ ಚಕ್ರವಾದರೆ ಎರಡರದ್ದೂ. ತುಂಬುವಾಗ ಕಬ್ಬಿಣದ ಪಂಜರದೊಳಗೆ ಇಟ್ಟು, ವಾಲ್ವಿಗೆ ಕಚ್ಚಿಕೊಂಡು ನಿಲ್ಲುವ ಚಕ್ಕು ಮತ್ತು ಉದ್ದದ ಪೈಪಿನಿಂದ ಪಕ್ಕಕ್ಕೆ ದೂರ ನಿಂತು ತುಂಬಬೇಕು. ಗಾಳಿ ತುಂಬಿರುವಾಗ ರಿಂಗು ಕೂರಲಿಲ್ಲವೆಂದು ಸುತ್ತಿಗೆಯಿಂದ ತಟ್ಟುವುದನ್ನು ನಾನು ಇಂದಿಗೂ ಹೆದ್ದಾರಿ ಬದಿಯಲ್ಲಿ ನೋಡುತ್ತೇನೆ, ನೋಡಿದಾಗಲೆಲ್ಲ ಗಾಡಿ ನಿಲ್ಲಿಸಿ ಬೇಡಿಕೊಂಡಿದ್ದೇನೆ.

ಗ್ರೈಂಡರಿನ ಬಗ್ಗೆ ಒಂದೇ ಮಾತು. 7 ಇಂಚಿನ ಡಿಸ್ಕು ನಿಮಿಷಕ್ಕೆ 8,500 ಸುತ್ತಿಗೆಂದು ಮಾಡಿದ್ದು. ಅದರ ಅಂಚಿನ ವೇಗ ಆಗ ಗಂಟೆಗೆ ಸುಮಾರು 288 ಕಿಲೋಮೀಟರ್. ಗಾರ್ಡ್ ಕಳಚಿ ಅದನ್ನೇ 11,000 ಸುತ್ತಿನ 5 ಇಂಚಿನ ಗ್ರೈಂಡರಿಗೆ ಹಾಕಿದರೆ, ಡಿಸ್ಕನ್ನು ಸೀಳಲು ಯತ್ನಿಸುವ ಬಲ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಗಾರ್ಡನ್ನು ಬೆಸುಗೆ ಹಾಕಿಯಾದರೂ ಸರಿ, ಕಳಚಲಾಗದಂತೆ ಮಾಡಿ. ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿದ್ದರೆ ನೋಡಿ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬಿದ್ದಿದ್ದ ಡಿಸ್ಕು ಹೊಸದೇ ಆಗಿದ್ದರೂ ಬಳಸಬೇಡಿ.

ಈಗ ಕನ್ನಡಕ. ಹುಡುಗರು ತೆಗೆದಿಟ್ಟದ್ದಕ್ಕೆ ನಾನು ಅವರನ್ನು ಬೈಯುವುದಿಲ್ಲ. ಹೊಸಪೇಟೆಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೆಡ್ಡಿನಡಿ ಬೆವರಿಳಿಸುತ್ತಾ, ಗೀರುಬಿದ್ದ ಅಗ್ಗದ ಪ್ಲಾಸ್ಟಿಕ್ಕಿನ ಮೂಲಕ ಬೋಲ್ಟು ಹುಡುಕಲು ನನ್ನಿಂದಲೂ ಆಗದು. ಕೊಳ್ಳುವಾಗ ಅಂಕಿತ ನೋಡಿ. ಭಾರತೀಯ ಮಾನಕ ಐ.ಎಸ್. 5983; ಯುರೋಪಿನ ಇ.ಎನ್. 166 ಪ್ರಕಾರದ ಗಾಜಿನಲ್ಲಿ ‘ಎಫ್’ ಎಂದಿದ್ದರೆ ಸೆಕೆಂಡಿಗೆ 45 ಮೀಟರ್, ‘ಬಿ’ ಎಂದಿದ್ದರೆ 120 ಮೀಟರ್ ವೇಗದ ಪುಟ್ಟ ಉಕ್ಕಿನ ಗುಂಡನ್ನು ತಡೆದಿದೆ ಎಂದು ಅರ್ಥ. ಮಾಮೂಲಿ ಕನ್ನಡಕದ ಆಕಾರದವಕ್ಕೆ ‘ಎಫ್’ ಮಾತ್ರ ಸಿಗುತ್ತದೆ. ಬಡಿಯುವ ಮತ್ತು ಗ್ರೈಂಡ್ ಮಾಡುವ ಕೆಲಸಕ್ಕೆ ಸುತ್ತಲೂ ಮುಚ್ಚುವ, ಓರೆ ಗಾಳಿಕಿಂಡಿಗಳಿರುವ ‘ಬಿ’ ಗಾಗಲ್ ತನ್ನಿ. ಮುಖದ ಶೀಲ್ಡು ಅದರ ಮೇಲೆ ಹಾಕಿಕೊಳ್ಳುವಂಥದ್ದು, ಅದರ ಬದಲಿಗೆ ಅಲ್ಲ, ಏಕೆಂದರೆ ತಲೆ ಎತ್ತಿದಾಗ ಅದರ ಕೆಳಗಿನಿಂದ ಚೂರು ನುಗ್ಗುತ್ತದೆ. ಓದುವ ಕನ್ನಡಕ ರಕ್ಷಣೆಯಲ್ಲ, ಗಾಜಿನದ್ದಾದರೆ ಅದೇ ಇನ್ನೊಂದು ಚೂರಾಗುತ್ತದೆ. ಪ್ರತಿಯೊಬ್ಬರಿಗೂ ಅವರ ಹೆಸರಿನ ಗಾಗಲ್, ಕೊರಳಿಗೆ ದಾರ, ದಿನವೂ ಸೋಪಿನ ನೀರಿನ ತೊಳೆತ, ಗೀರುಬಿದ್ದ ಕೂಡಲೇ ಹೊಸದು, ಶೆಡ್ಡಿಗೊಂದು ದೊಡ್ಡ ಫ್ಯಾನು. ಇಷ್ಟು ಮಾಡಿ, ನೀವೂ ಶೆಡ್ಡಿನೊಳಗೆ ಕಾಲಿಡುವಾಗ ಹಾಕಿಕೊಂಡರೆ ಅವರೂ ಹಾಕಿಕೊಳ್ಳುತ್ತಾರೆ. ಕೆಲಸದಲ್ಲಿ ಸಿಡಿಯುವ ಕಣಗಳಿಂದ ಕಣ್ಣಿಗೆ ಅಪಾಯವಿದ್ದಲ್ಲಿ ತೆರೆ ಅಥವಾ ಗಾಗಲ್ ಒದಗಿಸಬೇಕೆಂದು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 35ನೆಯ ಸೆಕ್ಷನ್ನಿನಲ್ಲೇ ಹೇಳಿತ್ತು. ಅಲ್ಲಿ ತೆರೆಯ ಮಾತು ಮೊದಲು ಬಂದಿತ್ತು ಎಂಬುದನ್ನು ಗಮನಿಸಿ.

ಅಂದು ಏನು ಮಾಡಬೇಕಿತ್ತು ಎಂಬುದನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಡಿ. ಬಡಿಯುವಾಗಲೋ ಗ್ರೈಂಡ್ ಮಾಡುವಾಗಲೋ ಕಣ್ಣಿಗೆ ‘ಏನೋ ತಗುಲಿತು’ ಎಂದರೆ, ನೋವಿರಲಿ ಇಲ್ಲದಿರಲಿ, ಕಣ್ಣು ಕಾಣಿಸುತ್ತಿರಲಿ ಇಲ್ಲದಿರಲಿ, ಚೂರು ಒಳಗಿದೆ ಎಂದೇ ಭಾವಿಸಬೇಕು. ವೇಗದ ಸಣ್ಣ ಚೂರು ಮಾಡುವ ರಂಧ್ರ ಕೆಲವೊಮ್ಮೆ ತಾನೇ ಮುಚ್ಚಿಕೊಂಡು ಮೊದಲ ದಿನ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಸೋಂಕು ಒಂದೆರಡು ದಿನದಲ್ಲಿ ಒಳಗೆಲ್ಲ ಹರಡುತ್ತದೆ, ಸೋಂಕಾಗದೆ ಉಳಿದ ಕಬ್ಬಿಣವೂ ತಿಂಗಳುಗಳಲ್ಲಿ ಕರಗುತ್ತಾ ಅಕ್ಷಿಪಟವನ್ನು ಕೊಲ್ಲುತ್ತದೆ. ಉಜ್ಜಬಾರದು, ಒತ್ತಬಾರದು. ತೊಳೆಯುವುದು ರಾಸಾಯನಿಕ ಬಿದ್ದಾಗಿನ ಚಿಕಿತ್ಸೆ, ಇದಕ್ಕಲ್ಲ. ಕರವಸ್ತ್ರದ ತುದಿ, ಬೆಂಕಿಕಡ್ಡಿ, ಆಯಸ್ಕಾಂತ, ಹರಳೆಣ್ಣೆ, ಎದೆಹಾಲು ಯಾವುದೂ ಬೇಡ. ಕಾಗದದ ಲೋಟದ ತಳವನ್ನು ಕಣ್ಣಿಗೆ ತಾಗದಂತೆ ಮೇಲಿಟ್ಟು ಅಂಟಿಸಿ, ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ತಿನ್ನಲು ಕುಡಿಯಲು ಏನೂ ಕೊಡದೆ, ಆ ಗಂಟೆಯಲ್ಲೇ ಕಣ್ಣಿನ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಮ್ಮ ಕಡೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಹಿಂದಿನ ಹೆಸರು ವಿಮ್ಸ್) ಇದೆ. ಅಲ್ಲಿ ‘ಕಸ ಬಿದ್ದಿದೆ’ ಎನ್ನಬೇಡಿ. ‘ಕಬ್ಬಿಣ ಬಡಿಯುವಾಗ ಚೂರು ಹೊಡೆದಿದೆ’ ಎಂದು ಸ್ಪಷ್ಟವಾಗಿ ಹೇಳಿ. ಆ ಒಂದು ವಾಕ್ಯ ಕೇಳಿದ ವೈದ್ಯರು ಎಕ್ಸ್‌ರೇ ಅಥವಾ ಸಿ.ಟಿ. ತೆಗೆಸುತ್ತಾರೆ. ಒಳಗೆ ಕಬ್ಬಿಣವಿರಬಹುದಾದ ಕಣ್ಣಿಗೆ ಎಂ.ಆರ್.ಐ. ಮಾಡಿಸಬಾರದು, ಅದರ ಆಯಸ್ಕಾಂತ ಚೂರನ್ನು ಎಳೆದಾಡುತ್ತದೆ.

ಮೇಸ್ತ್ರಿಯವರ ವಿಷಯದಲ್ಲಿ ನನ್ನದೊಂದು ಕೋರಿಕೆ. ಗ್ರಹಚಾರ ಎಂದು ಅವರು ಹೇಳುತ್ತಿರುವುದು ಹಟದಿಂದ ಇರಲಾರದು. ತನ್ನ ಏಟಿನಿಂದಲೇ ಹುಡುಗನೊಬ್ಬನ ಕಣ್ಣು ಹೋಯಿತು ಎಂಬುದನ್ನು ಹೊರಲಾರದೆ ಹೇಳುತ್ತಿರಬಹುದು. ಪ್ರತಿ ಸೋಮವಾರ ಬೆಳಿಗ್ಗೆ ಗ್ಯಾರೇಜಿನ ಎಲ್ಲ ಸುತ್ತಿಗೆ, ಉಳಿ, ಡ್ರಿಫ್ಟುಗಳನ್ನು ಮೇಜಿನ ಮೇಲೆ ಹರಡಿ ಪರೀಕ್ಷಿಸುವ, ಕೆಟ್ಟದ್ದನ್ನು ಯಾರನ್ನೂ ಕೇಳದೆ ಗುಜರಿಗೆ ಹಾಕುವ ಅಧಿಕಾರವನ್ನು ಅವರಿಗೇ ಕೊಡಿ. ಅವರ ಕೈಗೆ ಗೊತ್ತಿರುವಷ್ಟು ಉಕ್ಕಿನ ಗುಣ ಪುಸ್ತಕ ಓದಿದ ನಮಗೂ ಗೊತ್ತಿಲ್ಲ.

ಹುಡುಗ ಕೆಲಸಕ್ಕೆ ಮರಳಬಹುದೇ ಎಂಬ ಪ್ರಶ್ನೆಗೆ ಕೊನೆಯ ಮಾತು ಅವನ ಕಣ್ಣಿನ ವೈದ್ಯರದ್ದು. ಅವರು ಒಪ್ಪಿದರೆ ಬರಬಹುದು, ಆದರೆ ಹಳೆಯ ಜಾಗಕ್ಕೆ ಬೇಡ. ಒಂದೇ ಕಣ್ಣಿನಿಂದ ದೂರ, ಆಳದ ಅಂದಾಜು ಸಿಗಲು ತಿಂಗಳುಗಳು ಹಿಡಿಯುತ್ತವೆ. ಗಾಯವಾದ ಬದಿಯಿಂದ ಬರುವ ಯಂತ್ರ, ತೂಗಾಡುವ ಸರಪಳಿ ಅವನಿಗೆ ತಡವಾಗಿ ಕಾಣುತ್ತದೆ. ಸದ್ಯಕ್ಕೆ ಫಿಲ್ಟರು, ಹೋಸು, ಬಿಡಿಭಾಗಗಳ ದಾಸ್ತಾನು, ಎಂಜಿನ್ನಿನ ಬೆಂಚಿನ ಕೆಲಸಗಳಂಥವನ್ನು ಕೊಡಿ, ಅವನು ನಿಂತಲ್ಲಿ ಗಾಯದ ಬದಿಗೆ ಗೋಡೆ ಇರುವಂತೆ ನೋಡಿಕೊಳ್ಳಿ. ಮತ್ತು ಅವನ ಅಳತೆಗೆ ಪಾಲಿಕಾರ್ಬೊನೇಟ್ ಗಾಜಿನ, ಪಕ್ಕಗಳೂ ಮುಚ್ಚಿದ ಕನ್ನಡಕವೊಂದನ್ನು ಮಾಡಿಸಿಕೊಡಿ. ಗ್ಯಾರೇಜಿನಲ್ಲಷ್ಟೇ ಅಲ್ಲ, ಬೈಕಿನಲ್ಲಿ, ಹೊಲದಲ್ಲಿ, ಕ್ರಿಕೆಟ್ ಆಡುವಾಗಲೂ ಉಳಿದ ಆ ಒಂದು ಕಣ್ಣಿನ ಮುಂದೆ ಅದು ಇರಬೇಕು.